ಭಾನುವಾರದ ಭೇಟಿ: ಸೋರ್ ಹ್ವಾನಾ ಹೆಸರಿನ ಉತ್ಸವ ಹುಟ್ಟಿದ ಮನೆಗೆ

ಶಿಕಾಗೋದ ಎಲ್ಲ ಸದಸ್ಯರಿಗೂ ನಮಸ್ಕಾರ.

ಈ ಭಾನುವಾರ ಪಿಲ್ಸೆನ್ ಬಡಾವಣೆಯಲ್ಲಿರುವ ಮೆಕ್ಸಿಕನ್ ಕಲೆಯ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಹೋಗೋಣ. ಮೆಕ್ಸಿಕೋ ಮೂಲದ ಮಹಿಳೆಯರ ಸಾಧನೆಯನ್ನು ಗೌರವಿಸುವ ಕಲಾ ಉತ್ಸವವೊಂದನ್ನು ಈ ಸಂಸ್ಥೆ 1990ರ ದಶಕದಲ್ಲಿ ಆರಂಭಿಸಿತು. ಅದಕ್ಕೆ ಇಟ್ಟ ಹೆಸರು ಸೋರ್ ಹ್ವಾನಾ ಇನೆಸ್ ದೆ ಲಾ ಕ್ರೂಸ್ ಅವರದು. ಇದಕ್ಕಿಂತ ಒಪ್ಪುವ ಹೆಸರು ಸಿಗುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹದಿನೇಳನೆಯ ಶತಮಾನದ ಮೆಕ್ಸಿಕೋದ ಈ ಕವಯಿತ್ರಿ ಮೂರನೆಯ ವಯಸ್ಸಿಗೇ ಓದು ಕಲಿಯಲು ಹೊರಟವರು. ಲ್ಯಾಟಿನ್ ಕಲಿಯುವಾಗ ತಮ್ಮ ಕೂದಲನ್ನು ನಾಲ್ಕಾರು ಬೆರಳಷ್ಟು ಕತ್ತರಿಸಿಕೊಳ್ಳುತ್ತಿದ್ದರು; ಅದು ಮತ್ತೆ ಬೆಳೆಯುವುದರೊಳಗೆ ಅಂದುಕೊಂಡ ಪಾಠ ಬರದಿದ್ದರೆ ಪುನಃ ಕತ್ತರಿ! ಓದಿಗೆ ಬಿಡುವು ಸಿಗಲೆಂದು ಮದುವೆ ಬೇಡವೆಂದು ಸನ್ಯಾಸಿನಿಯಾದರು. ಬಿಷಪ್ ಒಬ್ಬರು ಸನ್ಯಾಸಿನಿಯೊಬ್ಬರ ಹೆಸರಿನ ಮರೆಯಲ್ಲಿ ನಿಂತು ಪತ್ರ ಬರೆದು, ಲೌಕಿಕ ವಿದ್ಯೆಯನ್ನು ಬದಿಗಿಡುವಂತೆ ಅವರಿಗೆ ಬುದ್ಧಿ ಹೇಳಿದರು. 1691ರಲ್ಲಿ ಸೋರ್ ಹ್ವಾನಾ ಬರೆದ ಉತ್ತರದಲ್ಲಿ ಹೆಣ್ಣುಮಕ್ಕಳ ಕಲಿಯುವ ಹಕ್ಕಿನ ವಾದವಿದೆ, ಅಡುಗೆಮನೆಯಲ್ಲಿ ಮೊಟ್ಟೆ ಕರಿಯುವಾಗ ಕಂಡುಕೊಂಡ ವಿಜ್ಞಾನವೂ ಇದೆ. 1695ರಲ್ಲಿ ಸಾಂಕ್ರಾಮಿಕ ರೋಗಕ್ಕೆ ತುತ್ತಾದ ಸಹಸನ್ಯಾಸಿನಿಯರ ಆರೈಕೆ ಮಾಡುತ್ತಲೇ ತೀರಿಕೊಂಡರು. ಇಂದು ಮೆಕ್ಸಿಕೋದ 100 ಪೆಸೊ ನೋಟಿನ ಮೇಲೆ ಅವರ ಮುಖವಿದೆ.

ಪ್ರವೇಶ ಉಚಿತ. ಪಿಂಕ್ ಲೈನ್ ರೈಲಿನಲ್ಲಿ 18ನೇ ಬೀದಿಯ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿನ ಗೋಡೆಚಿತ್ರಗಳನ್ನು ನೋಡದೆ ಮುಂದೆ ಹೋಗಬೇಡಿ. ಬೆಳಿಗ್ಗೆ ಹನ್ನೊಂದಕ್ಕೆ ಸಂಗ್ರಹಾಲಯದ ಬಾಗಿಲಲ್ಲಿ ಸೇರೋಣ. ಹೆಣ್ಣುಮಕ್ಕಳನ್ನು ತಪ್ಪದೆ ಕರೆತನ್ನಿ. ಬರುವವರು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಿ.