ಮೈಸೂರು ಹಡಗು ಮುಗೀತು, ನಿಮಗೆಲ್ಲ ಥ್ಯಾಂಕ್ಸ್

ಕಳೆದ ಭಾನುವಾರ ರಾತ್ರಿ ಹನ್ನೊಂದೂವರೆಗೆ ಐಎನ್‌ಎಸ್ ಮೈಸೂರು ಅನ್ನೋ ಹಳೆಯ ಯುದ್ಧನೌಕೆಯ ಚಿತ್ರಕ್ಕೆ ಕೊನೆಯ ಪಿಕ್ಸೆಲ್ (ಕಂಪ್ಯೂಟರ್ ಚಿತ್ರದ ಒಂದು ಚುಕ್ಕಿ) ಹಾಕಿದೆ. ಹಿಂಬದಿಯ ಬಾವುಟದ ಕಂಬದ ತುದಿ ಅದು. ಶುರು ಮಾಡಿ ಮೂರು ವರ್ಷ ನಾಲ್ಕು ತಿಂಗಳಾಗಿತ್ತು. ಮಧ್ಯೆ ಒಂದು ಕಣ್ಣು ಹೋಗಿ ಬಂತು. ಇಷ್ಟನ್ನೂ ಒಬ್ಬನೇ ಮಾಡಿದೆ ಅಂದರೆ ದೇವರು ಮೆಚ್ಚಲ್ಲ. ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಮೈಸೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಗಿರಾಕಿ ಇಲ್ಲದಾಗ ಹಳೆಯ ಯುದ್ಧನೌಕೆಗಳ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆಯುತ್ತೇನೆ. ಸುಮ್ನೆ ಕಣ್ಣಂದಾಜಿನಲ್ಲಿ ಅಲ್ಲ, ಅಳತೆಗೆ ಸರಿಯಾಗಿ. ಒಂದು ಪಿಕ್ಸೆಲ್ ಅಂದರೆ ಆರು ಇಂಚು. ಆರಡಿ ಆಳು ಹನ್ನೆರಡು ಪಿಕ್ಸೆಲ್. 555 ಅಡಿ 6 ಇಂಚಿನ ಮೈಸೂರು ಲೆಕ್ಕ ಹಾಕಿದರೆ 1111 ಪಿಕ್ಸೆಲ್. ನಾಲ್ಕು ಒಂದು ಸಾಲಾಗಿ ಬಂದಿದ್ದು ನೋಡಿ ಇದನ್ನೇ ಬರೆಯೋಣ ಅಂದುಕೊಂಡೆ. ನಗಬೇಡಿ.

ಹುಚ್ಚು ಹತ್ತಿದ್ದು ಮಾತ್ರ ಕಾರವಾರದಲ್ಲಿ. ಅಲ್ಲಿನ ರವೀಂದ್ರನಾಥ ಠಾಗೋರ್ ಕಡಲತೀರದಲ್ಲಿ ಚಾಪೆಲ್ ಅನ್ನೋ ಕ್ಷಿಪಣಿ ಹಡಗನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರಲ್ಲ, ಅದನ್ನು ನೋಡಿ ಬಂದ ಮೇಲೆ. ಟೂರಿಗೆ ಕರೆದುಕೊಂಡು ಹೋದ ಭಾವನಿಗೆ ಮೊದಲ ಥ್ಯಾಂಕ್ಸ್. ಅಂಗಡಿಯ ಕರೆಂಟ್ ಬಿಲ್ ನೋಡಿ ಅಕ್ಕ ಈಗಲೂ ಅವರನ್ನೇ ಬೈಯೋದು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಎಂಟು ತಿಂಗಳು ಬರೆದ ಮೇಲೆ ಒಂದು ನವೆಂಬರಿನಲ್ಲಿ ಹಿರಿಯರೊಬ್ಬರು ಪಿಂಚಣಿಯ ಕಾಗದ ಜೆರಾಕ್ಸ್ ಮಾಡಿಸೋಕೆ ಬಂದರು. ಕಾಗದ ಕೈಯಲ್ಲೇ ಇತ್ತು, ಕಣ್ಣು ನನ್ನ ಕಂಪ್ಯೂಟರ್ ಮೇಲೆ.

‘ಇದೇನಪ್ಪಾ ಇದು?’

‘ಐಎನ್‌ಎಸ್ ಮೈಸೂರು ಸರ್.’

‘ಅಲ್ಲ. ಇದು ನೈಜೀರಿಯಾ.’

ನನಗೆ ಒಂದು ಕ್ಷಣ ಸಿಟ್ಟೇ ಬಂತು. ಎರಡೂ ಒಂದೇ ಹಡಗು ಅಲ್ವಾ? ಎಚ್‌ಎಂಎಸ್ ನೈಜೀರಿಯಾ ಅಂತ ಬ್ರಿಟಿಷರ ಹಡಗಾಗಿ 1939ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ನೀರಿಗಿಳಿದದ್ದು. 1942ರ ಆಗಸ್ಟಿನಲ್ಲಿ ಮಾಲ್ಟಾಗೆ ಸಾಮಾನು ಸಾಗಿಸುವ ಹಡಗುಗಳಿಗೆ ಕಾವಲು ಹೋದಾಗ ಇಟಲಿಯ ಜಲಾಂತರ್ಗಾಮಿಯಿಂದ ಟಾರ್ಪಿಡೊ ಏಟು ತಿಂದು, ಬದುಕಿ ಬಂದದ್ದು. ಅದನ್ನೇ ನಮ್ಮವರು ಕೊಂಡು, 1957ರ ಆಗಸ್ಟ್ 29ಕ್ಕೆ ಮೈಸೂರು ಅಂತ ಹೆಸರಿಟ್ಟು ನೌಕಾಪಡೆಗೆ ಸೇರಿಸಿಕೊಂಡದ್ದು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ.

ಅವರು ನಕ್ಕರು. 1970ರ ದಶಕದಲ್ಲಿ ಅದೇ ಹಡಗಿನಲ್ಲಿ ಕೆಲಸ ಮಾಡಿದವರು. ಸ್ಟೂಲ್ ಎಳೆದುಕೊಂಡು ಕೂತು ಒಂದೊಂದೇ ತೋರಿಸಿದರು. ನಾನು ಬರೆದದ್ದು ಮೂರು ಮೂರು ತೋಪಿನ ನಾಲ್ಕು ಗೋಪುರ, ಒಟ್ಟು ಹನ್ನೆರಡು ತೋಪು. ಮೈಸೂರಿಗೆ ಇದ್ದದ್ದು ಮೂರೇ ಗೋಪುರ, ಮುಂದೆ ಎರಡು, ಹಿಂದೆ ಒಂದು. ನಾನು ಬರೆದದ್ದು ಮೂರು ಕಾಲಿನ ಕಂಬ. ಅವರ ಕಾಲಕ್ಕೆ ಅದು ಮೊಬೈಲ್ ಟವರಿನ ಹಾಗೆ ಜಾಲರಿ ಕಂಬ. ಹಡಗು ನಡೆಸುವ ಬ್ರಿಡ್ಜ್ ಕೂಡ ಬೇರೆಯೇ. ಎರಡನೇ ಮಹಾಯುದ್ಧದ ಕಾಲದ ಫೋಟೊ ಇಟ್ಟುಕೊಂಡು ನಾನು 1971ರ ಬಾವುಟ ಹಾಕಿದ್ದೆ! ಹುಡುಗನ ಫೋಟೊ ನೋಡಿ ಅಜ್ಜನ ಚಿತ್ರ ಬರೆದ ಹಾಗೆ.

‘ಯಾವ ವರ್ಷದ ಮೈಸೂರು ಬೇಕು ನಿನಗೆ? ಅದನ್ನ ಮೊದಲು ಹೇಳು’ ಅಂದರು. 1971ರ ಡಿಸೆಂಬರ್ ಅಂದೆ. ಪಾಕಿಸ್ತಾನದ ಜೊತೆಗಿನ ಆ ಯುದ್ಧದಲ್ಲಿ ನಮ್ಮ ಪಶ್ಚಿಮ ನೌಕಾದಳದ ಮುಖ್ಯ ಹಡಗು ಅದೇ ಆಗಿತ್ತು. ಎಂಟು ತಿಂಗಳ ಕೆಲಸದಲ್ಲಿ ಉಳಿದದ್ದು ಹಡಗಿನ ಮೈ ಮತ್ತು ಎರಡು ಹೊಗೆ ಕೊಳವೆ. ಸರ್, ಅವತ್ತು ನಿಮ್ಮ ಹತ್ತಿರ ಜೆರಾಕ್ಸಿಗೆ ದುಡ್ಡು ತಗೊಂಡೆ. ಅದು ಈಗಲೂ ಚುಚ್ಚುತ್ತೆ.

ಲಂಡನ್ನಿನಲ್ಲಿರೋ ಚಿಕ್ಕಪ್ಪನ ಮಗಳಿಗೂ ಋಣಿ. ಆ ಕಾಲದ ಬ್ರಿಟಿಷ್ ಹಡಗುಗಳ ನಕ್ಷೆಗಳ ದೊಡ್ಡ ಸಂಗ್ರಹ ಗ್ರೀನಿಚ್‌ನ ಮ್ಯೂಸಿಯಂನವರ ಹತ್ತಿರ ಇದೆ. ಹಡಗು ರಿಪೇರಿಗೆ ಬಂದಾಗ ಆದ ಬದಲಾವಣೆಯನ್ನು ಹಳೆಯ ನಕ್ಷೆಯ ಮೇಲೇ ಬೇರೆ ಬಣ್ಣದ ಶಾಯಿಯಲ್ಲಿ ಬರೆಯುತ್ತಿದ್ದರಂತೆ. ಅವಳು ಇದೇ ವರ್ಗದ ಹಡಗಿನ ನಕ್ಷೆಯ ಪ್ರತಿ ಕಳಿಸಿದಳು, ಕಪ್ಪು ಬಿಳುಪಿನಲ್ಲಿ. ಹಳೆ ಗೆರೆ ಯಾವುದು, ಹೊಸ ಗೆರೆ ಯಾವುದು ಒಂದೂ ಗೊತ್ತಾಗಲಿಲ್ಲ. ಜೆರಾಕ್ಸ್ ಅಂಗಡಿಯವನಿಗೇ ಜೆರಾಕ್ಸ್ ಕೈಕೊಟ್ಟಿತು. ಪಾಪ, ಇನ್ನೊಂದು ದಿನ ರಜೆ ಹಾಕಿ ಮತ್ತೆ ಹೋಗಿ, ಯಾವ ಗೆರೆ ಯಾವ ಬಣ್ಣ ಅಂತ ಬರೆದುಕೊಂಡು ಬಂದಳು. ಬಾರೇ ಊರಿಗೆ, ಒಬ್ಬಟ್ಟು ಬಾಕಿ ಇದೆ.

ಆಮೇಲೆ ಕಣ್ಣು. ಹೋದ ವರ್ಷ ಬಲಗಣ್ಣಿನ ರೆಟಿನಾ, ಅಂದರೆ ಕಣ್ಣೊಳಗಿನ ಪರದೆ, ಕಿತ್ತುಕೊಂಡಿತು. ಆಪರೇಷನ್ ಮಾಡಿ ಒಳಗೆ ಗ್ಯಾಸಿನ ಗುಳ್ಳೆ ಬಿಟ್ಟರು. ಗುಳ್ಳೆ ಮೇಲಕ್ಕೆ ತೇಲುತ್ತೆ, ರೆಟಿನಾ ಇರೋದು ಕಣ್ಣಿನ ಹಿಂಭಾಗದಲ್ಲಿ. ಗುಳ್ಳೆ ಅದನ್ನು ಒತ್ತಿ ಹಿಡಿಯಬೇಕಾದರೆ ನಾನು ಮುಖ ಕೆಳಗೆ ಮಾಡಿಯೇ ಇರಬೇಕು. ಹಗಲೂ ರಾತ್ರಿ. ಊಟ ಮಾಡುವಾಗಲೂ ತಟ್ಟೆ ಬಿಟ್ಟು ಬೇರೇನೂ ಕಾಣಲ್ಲ. ಅಂಗಡಿಯನ್ನು ನನ್ನ ಹೆಂಡತಿ ನೋಡಿಕೊಂಡಳು. ಮಾತಿಗೆ ಹೇಳ್ತೀನಿ, ಆ ತಿಂಗಳು ವ್ಯಾಪಾರ ಜಾಸ್ತಿಯೇ ಆಗಿತ್ತು.

ಮಗಳು ಒಂಬತ್ತನೇ ಕ್ಲಾಸು. ಹಡಗಿನ ಫೋಟೊಗಳನ್ನು ದೊಡ್ಡದಾಗಿ ಪ್ರಿಂಟ್ ಮಾಡಿ ನನ್ನ ಮಂಚದ ಕೆಳಗೆ ನೆಲದ ಮೇಲೆ ಹರಡಿದಳು. ಮಂಚದ ಅಂಚಿನಿಂದ ತಲೆ ಇಳಿಬಿಟ್ಟು ಎಡಗಣ್ಣಿನಲ್ಲಿ ನೋಡಿದರೆ ಹಡಗು. ಪಕ್ಕದಲ್ಲಿರೋ ಗುಂಡು ಕಿಟಕಿ ಎಷ್ಟು ಅಂತ ಇಬ್ಬರೂ ಎಣಿಸುತ್ತಿದ್ದೆವು. ಲೆಕ್ಕ ತಪ್ಪದಿರಲಿ ಅಂತ ಒಂದೊಂದರ ಮೇಲೂ ಒಂದೊಂದು ಹುಣಸೆ ಬೀಜ ಇಡುತ್ತಿದ್ದಳು. ಫ್ಯಾನ್ ಹಾಕಿದರೆ ಪ್ರಿಂಟ್ ಹಾರಿ, ಬೀಜ ಎಲ್ಲ ಚೆಲ್ಲಾಪಿಲ್ಲಿ. ಮತ್ತೆ ಮೊದಲಿಂದ.

ಗುಳ್ಳೆ ಕರಗುತ್ತಾ ಬಂದ ಹಾಗೆ ಕಣ್ಣೊಳಗೇ ಒಂದು ನೀರಿನ ಗೆರೆ ಕಾಣತೊಡಗಿತು. ತಲೆ ಅಲ್ಲಾಡಿಸಿದರೆ ತುಳುಕುತ್ತಿತ್ತು. ದಿನಾ ಒಂದಿಷ್ಟು ಕೆಳಗಿಳಿಯುತ್ತಿತ್ತು. ‘ಅಪ್ಪಾ, ವಾಟರ್‌ಲೈನ್ ಇವತ್ತು ಎಲ್ಲಿಗೆ ಬಂತು?’ ಅಂತ ಕೇಳಿಯೇ ಅವಳು ಸ್ಕೂಲಿಗೆ ಹೋಗುತ್ತಿದ್ದದ್ದು.

ಆಮೇಲೂ ಕೆಲವು ತಿಂಗಳು ನೆಟ್ಟಗಿನ ಗೆರೆ ಸೊಟ್ಟ ಕಾಣುತ್ತಿತ್ತು. ಇದಕ್ಕೆ ಮೊದಲು ಬಂದ ಟೌನ್ ವರ್ಗದ ಹಡಗುಗಳಿಗೆ ಹೊಗೆ ಕೊಳವೆ ಹಿಂದಕ್ಕೆ ವಾಲಿರುತ್ತೆ. ಮೈಸೂರಿನದು ಕಡ್ಡಿಯ ಹಾಗೆ ನೆಟ್ಟಗೆ. ನನ್ನ ಕಣ್ಣಿಗೆ ಮಾತ್ರ ಅದು ಬಾಳೆಕಾಯಿ. ಕಣ್ಣು ನಂಬೋದು ಬಿಟ್ಟೆ. ಪಿಕ್ಸೆಲ್ ಎಣಿಸಿಕೊಂಡೇ ಬರೆದೆ. ಡಾಕ್ಟರಿಗೆ ಇದನ್ನ ಹೇಳಿದಾಗ, ‘ಅಂತೂ ಕೂತು ಬರೀತಿದ್ದೀರಿ ಅನ್ನಿ’ ಅಂತ ಬೈದರು. ಡಾಕ್ಟ್ರೇ, ನಮಸ್ಕಾರ. ಆಪರೇಷನ್ನಿಗೂ, ಬೈಗುಳಕ್ಕೂ.

ರಿಪೇರಿಗೆ ಕೊಟ್ಟ ಕಂಪ್ಯೂಟರನ್ನು ಅಂಗಡಿಯವರೊಬ್ಬರು ಕೇಳದೇ ಫಾರ್ಮ್ಯಾಟ್ ಮಾಡಿದಾಗ, ಹಳೆಯ ಫೈಲ್ ತನ್ನ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದ ಎಂಜಿನಿಯರಿಂಗ್ ಹುಡುಗನೇ, ನಿನ್ನ ಪ್ರಾಜೆಕ್ಟ್ ಬೈಂಡಿಂಗ್ ಫ್ರೀ.

ಸೋಮವಾರ ದೊಡ್ಡ ಪ್ರಿಂಟ್ ತೆಗೆದು ಸರ್ ಮನೆಗೆ ಹೋದೆ. ಮಗಳ ಹಟಕ್ಕೆ ಮೂಲೆಯಲ್ಲಿ ಗಂಡಭೇರುಂಡವೂ ಇದೆ. ಅವರು ಊಟದ ಟೇಬಲ್ ಖಾಲಿ ಮಾಡಿಸಿ, ಅದನ್ನು ಹರಡಿ, ಭೂತಗನ್ನಡಿ ಹಿಡಿದು ಮುಂದಿನ ತುದಿಯಿಂದ ಶುರು ಮಾಡಿದರು. ಕಾಫಿ ಆರಿ ಹೋಯಿತು. ಮಾತಿಲ್ಲ. ಹಿಂದಿನ ಹೊಗೆ ಕೊಳವೆ ದಾಟಿದ ಮೇಲೆ ಬೆರಳು ಒಂದು ಕಡೆ ನಿಂತಿತು.

‘ಇಲ್ಲೇ ಕೂತು ಮನೆಗೆ ಕಾಗದ ಬರೀತಿದ್ದೆ’ ಅಂದರು. ಬೆರಳು ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಈ ಏಣಿ ಇನ್ನೊಂದಡಿ ಹಿಂದೆ ಇತ್ತು ಕಣಪ್ಪ.’

ಬಂದು ಎರಡು ಪಿಕ್ಸೆಲ್ ಸರಿಸಿದ್ದೇನೆ ಸರ್. ಹೊಸ ಪ್ರಿಂಟ್ ಶನಿವಾರ ತರ್ತೀನಿ.