ಏನೂ ಆಗಲ್ಲ ಅಂದೆಯಲ್ಲ, ಅದರ ಬಗ್ಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. "ನೀನು ಹೇಳಿದೆ ಅಂತ ಹ್ಯಾಲೋವೀನ್ ನೋಡಿದೆ ಮಾರಾಯ. ಒಂದು ಗಂಟೆ ಏನೂ ಆಗಲ್ಲ. ರಕ್ತಾನೂ ಇಲ್ಲ. ಇದಕ್ಕೆ ಯಾಕೆ ಇಷ್ಟು ಹೆಸರು?" ಅಂತ ಕೇಳಿದ್ದೆ. ಎರಡು ಸಾಲಿನಲ್ಲಿ ಉತ್ತರ ಹಾಕೋಣ ಅಂತ ಕೂತೆ. ಆಗಲಿಲ್ಲ. ನನಗೆ ಈ ಹಾರರ್ ಸಿನಿಮಾ ತೀರಾ ಹತ್ತಿರ. ನಿನ್ನ ಹಾಗೇ ಅನ್ನಿಸಿದವರು ಇನ್ನೂ ಬಹಳ ಜನ ಇದ್ದಾರೆ, ಅವರೂ ಓದಲಿ ಅಂತ ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ನೀನು ಹೇಳಿದ್ದು ಸುಳ್ಳಲ್ಲ. ರಕ್ತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಶುರುವಿನಲ್ಲೇ ಒಂದು ಕೊಲೆ ಆಗುತ್ತದೆ. ಆಮೇಲೆ ಮುಕ್ಕಾಲು ಗಂಟೆ ಹತ್ತಿರ ನಮ್ಮ ಕಣ್ಣೆದುರು ಯಾರೂ ಸಾಯುವುದಿಲ್ಲ. ಮೂವರು ಹುಡುಗಿಯರು ಸ್ಕೂಲು ಮುಗಿಸಿ ಮನೆಗೆ ನಡೆದು ಬರುತ್ತಾರೆ. ಹರಟುತ್ತಾರೆ. ಫೋನ್ ಮಾಡಿಕೊಳ್ಳುತ್ತಾರೆ. ಸಂಜೆ ಇಬ್ಬರು ಬೇರೆಯವರ ಮನೆ ಮಕ್ಕಳನ್ನು ನೋಡಿಕೊಳ್ಳಲು ಹೋಗುತ್ತಾರೆ. ನಿನಗೆ ಬೇಜಾರು ಬಂದ ಆ ಮುಕ್ಕಾಲು ಗಂಟೆಗಾಗಿಯೇ ನಾನು ಈ ಸಿನಿಮಾವನ್ನು ಮತ್ತೆ ಮತ್ತೆ ನೋಡುತ್ತೇನೆ.

ರಾತ್ರಿ ಬಸ್ಸಿನಲ್ಲಿ, ಮೊಬೈಲಿನಲ್ಲಿ ನೋಡಿದೆ ಅಂತಲೂ ಬರೆದಿದ್ದೀಯ. ಅಲ್ಲೇ ಅರ್ಧ ಸಿನಿಮಾ ಕಳೆದುಹೋಯಿತು. ಯಾಕೆ ಅಂತ ಹೇಳುತ್ತೇನೆ ಕೇಳು.

ಜಾನ್ ಕಾರ್ಪೆಂಟರ್ ಇದನ್ನು 1978ರಲ್ಲಿ ತೆಗೆದಾಗ ಅವರಿಗೆ 30 ವರ್ಷ. ಕೈಯಲ್ಲಿದ್ದದ್ದು 3 ಲಕ್ಷ ಡಾಲರ್‌ಗಿಂತ ಸ್ವಲ್ಪ ಜಾಸ್ತಿ, ಚಿತ್ರೀಕರಣಕ್ಕೆ 20 ದಿನ. ಜೊತೆಗೆ ಕೂತು ಕಥೆ ಬರೆದು, ನಿರ್ಮಾಣದ ಹೊಣೆಯನ್ನೂ ಹೊತ್ತವರು ಡೆಬ್ರಾ ಹಿಲ್. ಕಥೆ ನಡೆಯುವುದು ಇಲಿನಾಯ್ ರಾಜ್ಯದ ಹ್ಯಾಡನ್‌ಫೀಲ್ಡ್ ಅನ್ನುವ ಊರಿನಲ್ಲಿ. ಆ ಊರು ನಿಜಕ್ಕೂ ಇಲ್ಲ. ಶೂಟಿಂಗ್ ಆದದ್ದು ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲಿಸ್ ಪಕ್ಕದ ಸೌತ್ ಪ್ಯಾಸಡೀನಾದಲ್ಲಿ ಮತ್ತು ಹಾಲಿವುಡ್ಡಿನ ಬೀದಿಗಳಲ್ಲಿ. ಕಥೆಯಲ್ಲಿ ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬ, ಮಕ್ಕಳು ವೇಷ ಹಾಕಿ ಮನೆ ಮನೆ ಸುತ್ತುವ ರಾತ್ರಿ, ಎಲೆ ಉದುರುವ ಕಾಲ. ಶೂಟಿಂಗ್ ಮಾಡಿದ್ದು ವಸಂತದಲ್ಲಿ, ಮರಗಳೆಲ್ಲ ಹಸಿರು. ಹಾಗಾಗಿ ಎಲೆಗಳಿಗೆ ಬಣ್ಣ ಬಳಿದು ರಸ್ತೆಗೆ ಚೆಲ್ಲಿದರು. ಶಾಟ್ ಮುಗಿದ ಮೇಲೆ ಅವನ್ನೇ ಗುಡಿಸಿ, ಚೀಲಕ್ಕೆ ತುಂಬಿ, ಮುಂದಿನ ಬೀದಿಗೆ ಹೊತ್ತು ಮತ್ತೆ ಚೆಲ್ಲಿದರು. ಹಿಂದೆ ಒಂದೆರಡು ಕಡೆ ತಾಳೆ ಜಾತಿಯ ಮರಗಳೂ ಕಾಣುತ್ತವೆ, ಇಲಿನಾಯ್‌ನಲ್ಲಿ ಇರಲಾರದ ಮರಗಳು. ಅವು ನನ್ನ ಕಣ್ಣಿಗೆ ಬಿದ್ದಾಗಲೆಲ್ಲ ಆ ಚೀಲ ಹೊತ್ತವರ ನೆನಪಾಗಿ ಪ್ರೀತಿ ಉಕ್ಕುತ್ತದೆ.

ಕೊಲೆಗಾರನ ಮುಖವಾಡ ಗೊತ್ತಲ್ಲ? ಟಿವಿ ಸರಣಿ ಸ್ಟಾರ್ ಟ್ರೆಕ್‌ನ ಕ್ಯಾಪ್ಟನ್ ಕರ್ಕ್‌ದು. ಅಂಗಡಿಯಲ್ಲಿ ಎರಡು ಡಾಲರ್ ಒಳಗೆ ಸಿಕ್ಕಿತು. ಹುಬ್ಬು ಕಿತ್ತರು, ಕಣ್ಣಿನ ತೂತು ದೊಡ್ಡದು ಮಾಡಿದರು, ಬಿಳಿ ಬಣ್ಣ ಹೊಡೆದರು. ನಾಯಕಿಯಾಗಿ ನಟಿಸಿದ ಜೇಮಿ ಲೀ ಕರ್ಟಿಸ್‌ಗೆ ಇದೇ ಮೊದಲ ಸಿನಿಮಾ. ಕೊಟ್ಟದ್ದು 8 ಸಾವಿರ ಡಾಲರ್. ಹೀಗೆ ಎಲ್ಲ ಕಡೆ ಕೈ ಬಿಗಿ ಹಿಡಿದವರು ಒಂದು ಕಡೆ ಮಾತ್ರ ಬಿಚ್ಚಿ ಖರ್ಚು ಮಾಡಿದರು. ಕ್ಯಾಮೆರಾಗೆ. ದೊಡ್ಡ ಸಿನಿಮಾಗಳು ಬಳಸುವ ಪ್ಯಾನಾವಿಷನ್ನಿನ ಅಗಲ ಪರದೆಯೇ ಬೇಕು ಅಂತ ಹಟ ಹಿಡಿದರು.

ಆ ಅಗಲದಲ್ಲೇ ಇರುವುದು ವಿಷಯ. ಹುಡುಗಿ ಪರದೆಯ ಈ ತುದಿಯಲ್ಲಿ ನಿಂತಿರುತ್ತಾಳೆ. ಉಳಿದದ್ದೆಲ್ಲ ಖಾಲಿ. ಬೇಲಿ, ಹುಲ್ಲು, ಎದುರು ಮನೆ, ನಿಂತ ಕಾರು. ಯಾರೂ ನಿನಗೆ "ಅಲ್ಲಿ ನೋಡು" ಅನ್ನುವುದಿಲ್ಲ. ಒಂದು ಸಲ ಆ ಖಾಲಿ ಜಾಗದಲ್ಲಿ ಕೊಲೆಗಾರನನ್ನು ಕಂಡ ಮೇಲೆ ನೀನೇ ಹುಡುಕಲು ಶುರು ಮಾಡುತ್ತೀಯ. ಅವನು ಇಲ್ಲದ ಶಾಟಿನಲ್ಲೂ ಹುಡುಕುತ್ತೀಯ. ಅಂಗೈ ಅಗಲದ ಸ್ಕ್ರೀನಿನಲ್ಲಿ, ಅದೂ ಕುಲುಕುವ ಬಸ್ಸಿನಲ್ಲಿ, ಹುಡುಕುವುದಕ್ಕೆ ಜಾಗವೇ ಎಲ್ಲಿದೆ ಹೇಳು?

ಬಟ್ಟೆ ಒಣಹಾಕಿದ ದೃಶ್ಯ ನೆನಪಿದೆಯಾ? ನಾಯಕಿ ಲಾರಿ ತನ್ನ ರೂಮಿನ ಕಿಟಕಿಯಿಂದ ಕೆಳಗೆ ನೋಡುತ್ತಾಳೆ. ಹಟ್ಟಹಗಲು. ಪಕ್ಕದ ಹಿತ್ತಲಿನಲ್ಲಿ ತಂತಿಗೆ ಹಾಕಿದ ಬಿಳಿ ಬೆಡ್‌ಶೀಟುಗಳು ಗಾಳಿಗೆ ಆಡುತ್ತಿವೆ. ಅವುಗಳ ನಡುವೆ ಅವನು ನಿಂತಿದ್ದಾನೆ. ಮೇಲಕ್ಕೇ ನೋಡುತ್ತಿದ್ದಾನೆ. ಲಾರಿಯ ಮುಖ ತೋರಿಸಿ ಮತ್ತೆ ಹಿತ್ತಲು ತೋರಿಸಿದರೆ ಬರೀ ಬೆಡ್‌ಶೀಟು. ಅಷ್ಟೇ. ಯಾರೂ ಕಿರುಚುವುದಿಲ್ಲ.

ನಾನು ಮೊದಲ ಸಲ ಇದನ್ನು ನೋಡಿದ ಮಾರನೇ ದಿನ ಬೆಳಗ್ಗೆ, ಅಮ್ಮ ಹಿಂಡಿಕೊಟ್ಟ ಬಟ್ಟೆಯ ಬಕೆಟ್ ಹಿಡಿದು ಟೆರೇಸಿಗೆ ಹೋದೆ. ತಂತಿಯ ಮೇಲೆ ಹಿಂದಿನ ದಿನದ ಎರಡು ಬೆಡ್‌ಶೀಟು ಹಾಗೇ ಇದ್ದವು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಕೆಳಗೆ ಸೊಪ್ಪಿನವಳು ಕೂಗುತ್ತಿದ್ದಳು. ಆದರೂ ಎರಡು ಶೀಟಿನ ನಡುವಿನ ಸಂದಿಗೆ ಬೆನ್ನು ಕೊಟ್ಟು ನಿಲ್ಲಲು ನನ್ನಿಂದ ಆಗಲಿಲ್ಲ. ಮೊದಲು ಆ ಎರಡನ್ನೂ ಎಳೆದು ಮಡಚಿಟ್ಟೆ. ಆಮೇಲೆ ಒಂದೊಂದೇ ಅಂಗಿ ಕೊಡವಿ ಹಾಕಿದೆ. ರಕ್ತ ಹರಿಸಿದ ಯಾವ ಸಿನಿಮಾವೂ ನನಗೆ ಹಗಲು ಹೊತ್ತಿನಲ್ಲಿ ಹೀಗೆ ಮಾಡಿಲ್ಲ.

ಇನ್ನು ನಿನ್ನ ಎರಡನೇ ಪ್ರಶ್ನೆ. "ಅವನು ಯಾಕೆ ಕೊಲ್ತಾನೆ ಅಂತ ಹೇಳೋದೇ ಇಲ್ಲ." ಈ ದೂರನ್ನು ನಮ್ಮವರ ಬಾಯಲ್ಲಿ ಬಹಳ ಕೇಳಿದ್ದೇನೆ. ನಾವು ಬೆಳೆದ ದೆವ್ವದ ಕಥೆಗಳೇ ಹಾಗಲ್ವಾ. ದೆವ್ವಕ್ಕೆ ಒಂದು ಕಾರಣ ಇರುತ್ತದೆ. ಯಾರೋ ಮೋಸ ಮಾಡಿದರು, ಬಾವಿಗೆ ಬಿದ್ದು ಸತ್ತಳು, ಸೇಡು ತೀರಿಸಲು ಬಂದಳು. ಏನು ಬೇಕು ಅಂತ ಕೇಳಬಹುದು, ಕೊಟ್ಟು ಕಳಿಸಬಹುದು. ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದು ನಿನಗೂ ನೆನಪಿರಬೇಕು. ಅಮ್ಮನ ಧ್ವನಿಯಲ್ಲಿ ಕರೆಯುವ ದೆವ್ವ ಅದು, ಆದರೂ ಓದಲು ಬರುತ್ತಿತ್ತು, ಮಾತಿಗೆ ಬೆಲೆ ಕೊಟ್ಟು ವಾಪಸ್ ಹೋಗುತ್ತಿತ್ತು. ಈ ಕೊಲೆಗಾರ ಮೈಕಲ್ ಮಾಯರ್ಸ್‌ಗೆ ಏನು ಬರೆದು ತೋರಿಸುವುದು? ಅವನಿಗೆ ಏನೂ ಬೇಕಾಗಿಲ್ಲ. ಆರು ವರ್ಷದ ಹುಡುಗ 1963ರಲ್ಲಿ ಅಕ್ಕನನ್ನು ಕೊಂದ. 15 ವರ್ಷ ಆಸ್ಪತ್ರೆಯಲ್ಲಿ ಮಾತಿಲ್ಲದೆ ಕೂತ. ತಪ್ಪಿಸಿಕೊಂಡು ಅದೇ ಊರಿಗೆ ಬಂದ. ಇಷ್ಟೇ ಹೇಳುತ್ತಾರೆ. ಲಾರಿ ಅವನ ಕಣ್ಣಿಗೆ ಬೀಳುವುದು ಅವಳು ಅವನ ಹಳೇ ಮನೆಯ ಬಾಗಿಲಿಗೆ ಬೀಗದಕೈ ಇಡಲು ಹೋದದ್ದಕ್ಕೆ. ಅಪ್ಪ ಹೇಳಿದ ಒಂದು ಸಣ್ಣ ಕೆಲಸ. ಮುಂದಿನ ಭಾಗಗಳಲ್ಲಿ ಅವಳು ಅವನ ತಂಗಿ ಅಂತ ಮಾಡಿ ಕಾರಣ ಕೊಟ್ಟರು. ನನಗೆ ಅದು ಬೇಡವಾಗಿತ್ತು. ಕಾರಣ ಸಿಕ್ಕ ಕೂಡಲೇ "ಸದ್ಯ, ನಾನು ಅವನ ತಂಗಿಯಲ್ಲ" ಅಂತ ನೋಡುವವರು ಬಚಾವಾಗಿಬಿಡುತ್ತಾರೆ.

ನನ್ನ ತಂಗಿಗೂ ಈ ಸಿನಿಮಾ ಹಿಡಿಸಲಿಲ್ಲ. ಅವಳ ಕಾರಣ ಬೇರೆ, ಮತ್ತು ಅದು ಗಟ್ಟಿಯಾದದ್ದು. "ಹುಡುಗನ ಜೊತೆ ಇದ್ದವಳು ಸಾಯ್ತಾಳೆ, ಪುಸ್ತಕ ಹಿಡಿದವಳು ಉಳೀತಾಳೆ. ಇದು ಯಾವ ನ್ಯಾಯ?" ಅಂದಳು. ಶುರುವಿನ ಕೊಲೆಯನ್ನು ಕೊಲೆಗಾರನ ಕಣ್ಣಿನಿಂದಲೇ, ಮುಖವಾಡದ ಎರಡು ತೂತಿನ ಮೂಲಕ ತೋರಿಸುತ್ತಾರಲ್ಲ, ಅದೂ ಅವಳಿಗೆ ಅಸಹ್ಯ ಹುಟ್ಟಿಸಿತು. ಅಮೆರಿಕದಲ್ಲೂ ಇದೇ ಜಗಳ ಜೋರಾಗಿ ನಡೆದಿತ್ತು. ಹೆಸರಾಂತ ವಿಮರ್ಶಕಿ ಪಾಲಿನ್ ಕೇಲ್‌ಗೆ ಸಿನಿಮಾ ಇಷ್ಟವಾಗಲಿಲ್ಲ. ಇನ್ನೊಬ್ಬ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ನಾಲ್ಕು ಸ್ಟಾರ್ ಕೊಟ್ಟರು. ಅದೇ ಈಬರ್ಟ್, ಜೊತೆಗಾರ ವಿಮರ್ಶಕ ಜೀನ್ ಸಿಸ್ಕೆಲ್ ಜೊತೆ ಸೇರಿ 1980ರಲ್ಲಿ ಟಿವಿಯಲ್ಲಿ ಒಂದು ಇಡೀ ಕಾರ್ಯಕ್ರಮ ಮಾಡಿ, ಹೆಣ್ಣುಮಕ್ಕಳನ್ನು ಬೇಟೆಯಾಡುವ ಹೊಸ ಸಿನಿಮಾಗಳನ್ನು ತರಾಟೆಗೆ ತೆಗೆದುಕೊಂಡರು. ಆದರೆ ಹ್ಯಾಲೋವೀನನ್ನು ಆ ಸಾಲಿಗೆ ಸೇರಿಸಲಿಲ್ಲ. ಇಲ್ಲಿ ನಮ್ಮ ಮನಸ್ಸು ಹುಡುಗಿಯರ ಕಡೆಗಿದೆ ಅನ್ನುವುದು ಅವರ ವಾದ.

ನಾನು ತಂಗಿಗೆ ಹೇಳಿದ್ದು ಇದು. ಲಾರಿ ಏನೂ ಮಡಿ ಹುಡುಗಿಯಲ್ಲ. ಗೆಳತಿಯ ಕಾರಿನಲ್ಲಿ ಕೂತು ಗಾಂಜಾ ಸೇದಿ ಕೆಮ್ಮುತ್ತಾಳೆ. ಅವಳನ್ನು ಉಳಿಸಿದ್ದು ನಡತೆಯಲ್ಲ, ಕಣ್ಣು. ಮೂವರಲ್ಲಿ ಬೆಳಗ್ಗೆಯಿಂದ ಅವನನ್ನು ಗಮನಿಸುತ್ತ ಬಂದವಳು ಅವಳೊಬ್ಬಳೇ. ಕ್ಲಾಸಿನ ಕಿಟಕಿಯಿಂದ, ಬೇಲಿಯ ಪಕ್ಕ, ಹಿತ್ತಲಿನಲ್ಲಿ. ಗೆಳತಿಯರು ತಮ್ಮ ತಮ್ಮ ಖುಷಿಯಲ್ಲಿದ್ದರು, ಆ ವಯಸ್ಸಿನವರು ಇರಬೇಕಾದ ಹಾಗೇ ಇದ್ದರು. ಅವರು ಸತ್ತಾಗ ನನಗೆ ಸಂಕಟವಾಗುತ್ತದೆ. ಅವರ ಮಾತುಗಳನ್ನು ಹೆಚ್ಚಾಗಿ ಬರೆದವರು ಡೆಬ್ರಾ ಹಿಲ್. ಅದಕ್ಕೇ ಆ ಗೆಳತಿಯರು ನಮ್ಮ ಕಾಲೇಜಿನ ಹುಡುಗಿಯರ ಹಾಗೆ ಮಾತಾಡುತ್ತಾರೆ, ಅಷ್ಟು ಬೇಗ ಹತ್ತಿರವಾಗುತ್ತಾರೆ. ಮುಂದೆ ಬಂದವರು ಆ ಹರಟೆಯನ್ನು ಬಿಟ್ಟು ಚಾಕುವನ್ನು ಮಾತ್ರ ಎತ್ತಿಕೊಂಡರು. ತಂಗಿಯ ಸಿಟ್ಟು ಆ ಸಿನಿಮಾಗಳಿಗೆ ಸರಿಯಾಗಿ ತಗಲುತ್ತದೆ. ಇದಕ್ಕೆ ಅರ್ಧ ತಗಲುತ್ತದೆ, ಅದನ್ನೂ ಒಪ್ಪುತ್ತೇನೆ.

ಲಾರಿ ಚಾಕು ಬಿಸಾಕಿ ಕೂರೋದು ದಡ್ಡತನ ಅಂತಲೂ ಬರೆದಿದ್ದೆ, ಅದರಲ್ಲಿ ನೀನೇ ಸರಿ. ಲಾರಿ ಅವನನ್ನು ಹೊಡೆದು ಬೀಳಿಸಿ, ಕೈಯಲ್ಲಿದ್ದ ಚಾಕುವನ್ನು ಅಲ್ಲೇ ಹಾಕಿ ಕೂರುತ್ತಾಳೆ. ಒಂದಲ್ಲ, ಎರಡು ಸಲ. ಮೊದಲನೆಯದನ್ನು ಗಾಬರಿ ಅನ್ನಬಹುದು. ಎರಡನೆಯದು ತಪ್ಪೇ.

ಆದರೆ ಒಂದು ಜಾಗ ಇದೆ, ಅಲ್ಲಿ ನನಗೆ ಪ್ರತಿಸಲವೂ ಗಂಟಲು ಕಟ್ಟುತ್ತದೆ. ಅವನಿಂದ ತಪ್ಪಿಸಿಕೊಂಡ ಲಾರಿ ಕುಂಟುತ್ತ ಪಕ್ಕದ ಮನೆಗೆ ಓಡುತ್ತಾಳೆ. ಬಾಗಿಲು ಬಡಿಯುತ್ತಾಳೆ, ಕಾಪಾಡಿ ಅಂತ ಕೂಗುತ್ತಾಳೆ. ಹೊರಗಿನ ದೀಪ ಹತ್ತುತ್ತದೆ. ಕಿಟಕಿಯ ಪಟ್ಟಿ ಸರಿಸಿ ಯಾರೋ ನೋಡುತ್ತಾರೆ. ಪಟ್ಟಿ ಮುಚ್ಚುತ್ತದೆ. ದೀಪ ಆರುತ್ತದೆ. ಕೆಲವೇ ಸೆಕೆಂಡು ಇದು, ನೀನು ಗಮನಿಸಿದೆಯೋ ಇಲ್ಲವೋ. ಮುಖವಾಡ ಹಾಕಿದವನಿಗಿಂತ ಆ ಸ್ವಿಚ್ ಒತ್ತಿದ ಕೈಗೆ ನಾನು ಹೆಚ್ಚು ಹೆದರುತ್ತೇನೆ. ಹಬ್ಬದ ರಾತ್ರಿ ಹುಡುಗರ ತುಂಟಾಟ ಅಂದುಕೊಂಡಿರಬಹುದು. ನಮ್ಮ ಬೀದಿಯಲ್ಲಿ ಮಧ್ಯರಾತ್ರಿ ಯಾರಾದರೂ ಕೂಗಿಕೊಂಡರೆ ಎಷ್ಟು ಮನೆಯ ದೀಪ ಹತ್ತಿ ಹಾಗೇ ಆರುತ್ತದೆ ಅಂತ ನಿನಗೂ ಗೊತ್ತು.

ಸಂಗೀತದ ಬಗ್ಗೆ ನೀನು ಒಂದು ಮಾತೂ ಬರೆದಿಲ್ಲ. ಬಸ್ಸಿನಲ್ಲಿ ಸೌಂಡ್ ಕಡಿಮೆ ಇಟ್ಟಿದ್ದೆಯಾ? ಸಂಗೀತ ಸೇರಿಸುವ ಮೊದಲು ಈ ಸಿನಿಮಾವನ್ನು ಒಂದು ಸ್ಟುಡಿಯೋದ ಅಧಿಕಾರಿಗೆ ತೋರಿಸಿದ್ದರಂತೆ. ಆಕೆಗೆ ಚೂರೂ ಹೆದರಿಕೆಯಾಗಲಿಲ್ಲ ಅಂತ ಕಾರ್ಪೆಂಟರ್ ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಅವರೇ ಕೂತು ಸಂಗೀತ ಮಾಡಿದರು. ಐದರ ಲೆಕ್ಕ. ಚಿಕ್ಕವರಿದ್ದಾಗ ಅಪ್ಪ ಬಾಂಗೋ ಬಾರಿಸಿ ಕಲಿಸಿದ ತಾಳ. ಈಗ ಮೇಜಿನ ಮೇಲೆ ಬೆರಳಿನಿಂದ ತಟ್ಟಿ ನೋಡು: ತಕಿಟ ತಕಿಟ ತಕ ತಕ. ತಕಿಟ ತಕಿಟ ತಕ ತಕ. ಐದಕ್ಕೆ ಎರಡೆರಡರಂತೆ ಹತ್ತು ಅಕ್ಷರ, ಪಿಯಾನೋದಲ್ಲಿ ಬಿಡದೆ ಓಡುತ್ತದೆ. ನಮ್ಮ ಕಿವಿಗೆ ಇಂಥ ಲೆಕ್ಕ ಹೊಸದಲ್ಲ. ನಾಲ್ಕರ ನಡಿಗೆಗೆ ಒಗ್ಗಿದ ಕಿವಿಗೆ ಮಾತ್ರ ಒಂದು ಹೆಜ್ಜೆ ಎಲ್ಲೋ ಜಾಸ್ತಿ ಬಿದ್ದ ಹಾಗೆ, ಹಿಂದೆ ಯಾರೋ ನಡೆದು ಬಂದ ಹಾಗೆ ಆಗುತ್ತದೆ.

ಅಂದಿನ ನೋಡುಗರು ಏನಂದರು ಅಂತ ಕೇಳಿದೆಯಲ್ಲ. ಅಮೆರಿಕದಲ್ಲೇ 4 ಕೋಟಿ 70 ಲಕ್ಷ ಡಾಲರ್ ಬಂತು. ಜಾಹೀರಾತಿಗಿಂತ ಬಾಯಿಂದ ಬಾಯಿಗೆ ಹರಡಿ ಓಡಿದ ಸಿನಿಮಾ ಅದು. 2006ರಲ್ಲಿ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್, ಮುಂದಿನವರಿಗೆ ಕಾಪಾಡಿ ಇಡಬೇಕಾದ ಸಿನಿಮಾಗಳ ಪಟ್ಟಿಗೆ ಇದನ್ನು ಸೇರಿಸಿತು. ನಿನಗೆ ಇಷ್ಟವಾಗಲೇಬೇಕು ಅಂತ ಇದನ್ನೆಲ್ಲ ಹೇಳುತ್ತಿಲ್ಲ. ಸರಿಯಾಗಿ ಒಂದು ಸಲ ನೋಡು ಅಂತ ಅಷ್ಟೇ.

ಕೊನೆಯನ್ನು ನೀನು ನೋಡಿಯೇ ಇಲ್ಲ ಅಂತ ನನ್ನ ಅನುಮಾನ. "ಗುಂಡು ಹೊಡೆದರು, ಬಿದ್ದ, ಮುಗೀತು" ಅಂತ ಬರೆದಿದ್ದೀಯ. ಮುಗಿಯುವುದಿಲ್ಲ. ಗುಂಡು ಹೊಡೆದ ಡಾಕ್ಟರ್ ಲೂಮಿಸ್, ಅಂದರೆ ಅವನ ಮನೋವೈದ್ಯ, ಬಾಲ್ಕನಿಯಿಂದ ಬಗ್ಗಿ ನೋಡಿದರೆ ಹುಲ್ಲಿನ ಮೇಲೆ ಅವನು ಬಿದ್ದ ಗುರುತು ಮಾತ್ರ ಇದೆ. ಆಮೇಲೆ ಒಂದೊಂದಾಗಿ ಖಾಲಿ ಜಾಗಗಳನ್ನು ತೋರಿಸುತ್ತಾರೆ. ಲಾರಿ ಕೂತಿದ್ದ ಹಾಲ್. ಮೆಟ್ಟಿಲು. ಹೊರಗಿಂದ ಕಂಡ ಮನೆಗಳು. ಕಡೆಗೆ ಆ ಹಳೇ ಮನೆ. ಎಲ್ಲೂ ಅವನಿಲ್ಲ. ಮುಖವಾಡದ ಒಳಗಿನ ಉಸಿರು ಮಾತ್ರ ಕೇಳುತ್ತಿರುತ್ತದೆ, ಪ್ರತಿ ಜಾಗದಲ್ಲೂ.

ಮುಂದಿನ ಶನಿವಾರ ಮನೆಯವರೆಲ್ಲ ಊರಿಗೆ ಹೋಗುತ್ತಾರೆ. ರಾತ್ರಿ ಊಟಕ್ಕೇ ಬಂದುಬಿಡು, ಚಪಾತಿ, ಬದನೆಕಾಯಿ ಎಣ್ಣೆಗಾಯಿ ಮಾಡಿರುತ್ತೇನೆ. ಟಿವಿ ದೊಡ್ಡದೇ ಇದೆ, ಸೌಂಡ್ ಚೆನ್ನಾಗಿದೆ, ಹಾಲಿನ ದೀಪ ಎಲ್ಲ ಆರಿಸೋಣ. ಮೊಬೈಲನ್ನು ಅಡುಗೆಮನೆಯಲ್ಲಿ ಇಟ್ಟು ಬಾ. ಟೆರೇಸಿನ ಬಟ್ಟೆ ಸಂಜೆಯೇ ತೆಗೆದಿಟ್ಟಿರುತ್ತೇನೆ.

ಇಂತಿ,
ನಿನ್ನ ಗೆಳೆಯ