ಸೀಸ ಹಿಡಿದ ಮಸಿ ತೋಡಿನ ಬದಿಗೆ

ಮಾನ್ಯ ಸಂಪಾದಕರೇ,

ನಮ್ಮ ವಾರ್ಡಿನ ಕುಡಿಯುವ ನೀರಿನ ಘಟಕದ ಹಿಂದೆ, ತೋಡಿನ ಅಂಚಿನಲ್ಲಿ ಸುರಿದಿರುವ ಹಳೆಯ ಸೋಸುಪುಡಿಯ ಚಿತ್ರವನ್ನೂ, ಅದು ಬರೀ ತೆಂಗಿನ ಗೆರಟೆಯ ಮಸಿ, ಹೆದರಬೇಕಾದ್ದಿಲ್ಲ ಎಂಬ ಅಧಿಕಾರಿಯ ಹೇಳಿಕೆಯನ್ನೂ ನಿಮ್ಮ ಪತ್ರಿಕೆಯಲ್ಲಿ ಓದಿ ಸಿಟ್ಟು ತಡೆಯಲಾಗದೆ ಬರೆಯುತ್ತಿದ್ದೇನೆ. ಗುಜರಿ ಅಂಗಳದ ಕೆಳಗಿನ ಬಾವಿಗಳಲ್ಲಿ ಸೀಸ ಕಂಡುಬಂದುದರಿಂದಲೇ ಆ ಘಟಕವನ್ನು ಕೂರಿಸಿದ್ದು ಎಂಬುದು ಅವರಿಗೆ ಮರೆತುಹೋಯಿತೇ?

ಗೆರಟೆಯಿಂದ ತಯಾರಿಸಿದ ಸಕ್ರಿಯ ಇಂಗಾಲವೆಂಬ ಈ ಸೋಸುವ ಮಸಿಯಾಗಲಿ, ಅದೇ ಕೆಲಸಕ್ಕೆ ಬಳಸುವ ಕಾರ್ಖಾನೆಯ ರಾಳದ ಮಣಿಗಳಾಗಲಿ ಸೀಸವನ್ನು ನಾಶಮಾಡುವುದಿಲ್ಲ, ತಮ್ಮ ಮೈಗೆ ಅಂಟಿಸಿಕೊಳ್ಳುತ್ತವೆ ಅಷ್ಟೆ. ಅಂಟುವ ಜಾಗ ತುಂಬಿದ ಮೇಲೆ ಬರುವ ಸೀಸ ನೇರವಾಗಿ ನಲ್ಲಿಗೆ ಇಳಿಯುತ್ತದೆ. ಆದ್ದರಿಂದಲೇ ಪುಡಿಯನ್ನು ಕಾಲಕಾಲಕ್ಕೆ ಬದಲಿಸಬೇಕು, ತೆಗೆದದ್ದನ್ನು ವಿಷವೆಂದೇ ತಿಳಿದು ಸಾಗಿಸಬೇಕು. ನಮ್ಮ ಮುರಕಲ್ಲು ನೆಲದ ಬಾವಿನೀರಿನಲ್ಲಿ ಆಮ್ಲೀಯ ಗುಣ ಸಾಮಾನ್ಯ. ಅಂತಹ ನೀರಿನಲ್ಲಿ ಸೀಸ ಅಂಟುವುದು ಕಡಿಮೆ, ಅಂಟಿದ್ದು ಬಿಟ್ಟುಕೊಳ್ಳುವುದು ಸುಲಭ. ಹೀಗಿರುವಾಗ ಆ ರಾಶಿ ಮಳೆಗೆ ತೋಯ್ದರೆ, ದುಡ್ಡು ಸುರಿದು ಹಿಡಿದಿಟ್ಟ ಸೀಸ ಮತ್ತೆ ನಮ್ಮ ತೋಟಕ್ಕೂ ಬಾವಿಗೂ ಬಂದು ಸೇರಬಹುದು. ವಿಷಲೋಹ ಹಿಡಿದ ರಾಳವನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಹೆಸರಿಸಲಾಗಿದೆ. ಮಸಿಗೆ ಅಂಟಿದ ಮಾತ್ರಕ್ಕೆ ಸೀಸ ಸಾಧುವಾಗುತ್ತದೆಯೇ?

ಘಟಕಕ್ಕೆ ಬೀಗ ಬಿದ್ದಂದಿನಿಂದ ನಮಗೆ ಕ್ಯಾನ್ ನೀರೇ ಗತಿ. ಗಾಡಿ ಮೇಲಿನ ರಸ್ತೆಯಲ್ಲೇ ನಿಲ್ಲುವುದರಿಂದ ಗುಡ್ಡೆಯ ಇಳಿಜಾರಿನಲ್ಲಿ ಕ್ಯಾನ್ ಹೊತ್ತು ತರಬೇಕು. ತಡವಾದರೆ ಗಾಡಿ ಮುಂದೆ ಹೋಗಿರುತ್ತದೆ, ಆ ದಿನ ನೆರೆಮನೆಯಲ್ಲಿ ಬೇಡಬೇಕು. ದನಗಳಿಗೆ ಈಗಲೂ ಬಾವಿನೀರೇ. ವಿಚಾರಿಸಲು ಹೋದವರಿಗೆ ಕಚೇರಿಯಲ್ಲಿ ಸಿಕ್ಕ ಉತ್ತರ, ನೀರನ್ನು ಕುದಿಸಿ ಕುಡಿಯಿರಿ ಎಂದು. ಕುದಿಸಿದರೆ ರೋಗಾಣು ಸಾಯುತ್ತದೆ, ಸೀಸ ಸಾಯುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಸೀಸ 0.01 ಮಿಲಿಗ್ರಾಂ ಮೀರಕೂಡದು. ಮಕ್ಕಳ ಬುದ್ಧಿಯ ಬೆಳವಣಿಗೆಗೇ ಪೆಟ್ಟು ಕೊಡುವ ಲೋಹದ ವಿಷಯದಲ್ಲಿ ಇಂತಹ ಸಲಹೆ ಕೊಡುವವರಿಗೆ ಆ ಕುರ್ಚಿಯಲ್ಲಿ ಕೂರುವ ಯೋಗ್ಯತೆ ಏನಿದೆ?

ಘಟಕದ ಬಾಗಿಲಿಗೆ ಅಂಟಿಸಿರುವ ಸೂಚನೆಯೂ ಮಲಯಾಳದಲ್ಲಿ ಮಾತ್ರ ಇದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಇಷ್ಟೊಂದು ಇರುವ ಊರಿನಲ್ಲಿ ನೀರು ಕುಡಿಯಬೇಡಿ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಬರೆಯಲು ಯಾರ ಅಪ್ಪಣೆ ಬೇಕು? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ಇದು. ಆ ವಿಷದ ಫಲವನ್ನು ಹಾಸಿಗೆ ಹಿಡಿದ ಮಕ್ಕಳಲ್ಲಿ ಕಂಡ ಮೇಲೂ, ನೀರಿನ ಮಾತು ಬಂದಾಗ ಅಧಿಕಾರಿಗಳ ಉಡಾಫೆ ಕಿಂಚಿತ್ತೂ ತಗ್ಗಿಲ್ಲ. ಅಹವಾಲು ಕೊಟ್ಟರೆ ಮೇಲಿನವರು ಕೆಳಗಿನವರನ್ನು ತೋರಿಸುತ್ತಾರೆ, ಕೆಳಗಿನವರು ಗುತ್ತಿಗೆದಾರನನ್ನು ತೋರಿಸುತ್ತಾರೆ.

ಆ ರಾಶಿಯನ್ನು ಮಳೆ ಬರುವ ಮೊದಲು ಅಲ್ಲಿಂದ ತೆಗೆಸಬೇಕು. ಹೊಸ ಪುಡಿ ತುಂಬಿಸಿ, ನೀರು ಪರೀಕ್ಷಿಸಿ, ವರದಿಯನ್ನು ಕನ್ನಡದಲ್ಲೂ ಪ್ರಕಟಿಸಬೇಕು. ಇಲ್ಲವೇ ಘಟಕವನ್ನು ಕಿತ್ತುಹಾಕಿ ಬೇರೆ ಕಡೆಯಿಂದ ನಳ್ಳಿ ನೀರು ಕೊಡಲಿ. ಏನನ್ನಾದರೂ ಮಾಡಲಿ, ಮೊದಲು ಕುರ್ಚಿ ಬಿಟ್ಟು ಎದ್ದು ಬಂದು ತೋಡಿನ ಬದಿಯನ್ನು ನೋಡಲಿ. ತಿಂಗಳ ಸಂಬಳ ತಪ್ಪದೆ ಎಣಿಸಿಕೊಳ್ಳುವವರಿಗೆ ಇಷ್ಟಾದರೂ ನಾಚಿಕೆ ಬೇಡವೇ?

– ನೊಂದ ಗ್ರಾಮಸ್ಥ, ಕಾಸರಗೋಡು ತಾಲೂಕು